ಕ್ಯಾಮೆರಾ ಮೀಟರ್ ನೋಡಿ ಎಕ್ಸ್‌ಪೋಶರ್ ಹೊಂದಿಸುವುದು ಹೇಗೆ?

ಬಿಳಿ ಅಂಗಿ ತೊಟ್ಟವರ ಫೋಟೊ ತೆಗೆದರೆ ಅಂಗಿ ಮಾಸಿದ ಹಾಗೆ ಕಾಣುತ್ತದೆ, ಯಾಕೆ? ಕರಿ ನಾಯಿಯ ಫೋಟೊದಲ್ಲಿ ನಾಯಿ ಬೂದಿಯಲ್ಲಿ ಹೊರಳಿ ಬಂದಂತಿರುತ್ತದೆ, ಯಾಕೆ? ಕಿಟಕಿಯ ಮುಂದೆ ಕೂತವರ ಮುಖ ಕಪ್ಪಿಟ್ಟು ಹೋಗುತ್ತದೆ, ಕ್ಯಾಮೆರಾ ಕೆಟ್ಟಿದೆಯೇ? ಫೋಟೊಗ್ರಫಿ ಕಲಿಯುತ್ತಿರುವ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೂರಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಕ್ಯಾಮೆರಾದೊಳಗಿನ ಲೈಟ್ ಮೀಟರ್ ಏನನ್ನು ಅಳೆಯುತ್ತದೆ, ಏನನ್ನು ಅಳೆಯಲು ಅದರಿಂದ ಆಗುವುದೇ ಇಲ್ಲ ಎನ್ನುವುದು ತಿಳಿದರೆ ಮೂರೂ ಬಗೆಹರಿಯುತ್ತವೆ. ಕ್ಯಾಮೆರಾ ಬದಲಿಸಬೇಕಾಗಿಲ್ಲ.

ನಿಮ್ಮ ಹತ್ತಿರ ಇರಬೇಕಾದದ್ದು ಇಷ್ಟೇ: ಎಕ್ಸ್‌ಪೋಶರನ್ನು ಕೈಯಾರೆ ಬದಲಿಸಲು ಬರುವ ಯಾವುದಾದರೂ ಕ್ಯಾಮೆರಾ, ಅದರ ಕೈಪಿಡಿ, ಒಂದು ಬಿಳಿ ಹಾಳೆ, ಒಂದು ಕರಿ ಬಟ್ಟೆ. ಬೂದು ಬಣ್ಣದ ಗ್ರೇ ಕಾರ್ಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಮೊದಲು ಎರಡು ಪದ. ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎನ್ನುವುದೇ ಎಕ್ಸ್‌ಪೋಶರ್. ಬೆಳಕು ಹಾದುಬರುವ ಕಿಂಡಿಯ ಅಗಲ, ಅಂದರೆ ಅಪರ್ಚರ್, ಮತ್ತು ಆ ಕಿಂಡಿಯಿಂದ ಬಂದ ಬೆಳಕು ಎಷ್ಟು ಹೊತ್ತು ಸೆನ್ಸರನ್ನು ತಲುಪುತ್ತದೆ ಎನ್ನುವ ಶಟರ್ ಸ್ಪೀಡ್, ಇವೆರಡೂ ಸೇರಿ ಅದನ್ನು ತೀರ್ಮಾನಿಸುತ್ತವೆ. ಬಂದ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಎನ್ನುವುದು ಐಎಸ್‌ಒ. ಎರಡನೆಯ ಪದ ಸ್ಟಾಪ್. ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್ ಹೆಚ್ಚು, ಅರ್ಧವಾದರೆ ಒಂದು ಸ್ಟಾಪ್ ಕಡಿಮೆ. ಶಟರ್ 1/125ರಿಂದ 1/60ಕ್ಕೆ ಇಳಿದರೆ ಒಂದು ಸ್ಟಾಪ್ ಬೆಳಕು ಹೆಚ್ಚುತ್ತದೆ. ಐಎಸ್‌ಒ 200ರಿಂದ 400ಕ್ಕೆ ಹೋದರೂ ಫೋಟೊ ಒಂದು ಸ್ಟಾಪಿನಷ್ಟೇ ಬೆಳಗುತ್ತದೆ. ಅಪರ್ಚರ್ ಅಂಕಿಗಳು ಮಾತ್ರ 1.4, 2, 2.8, 4, 5.6, 8, 11, 16 ಎಂದು ವಿಚಿತ್ರವಾಗಿ ಸಾಗುತ್ತವೆ. ಕಿಂಡಿಯ ವ್ಯಾಸ ಸುಮಾರು 1.4 ಪಟ್ಟಾದರೆ ಅದರ ವಿಸ್ತೀರ್ಣ ಎರಡು ಪಟ್ಟಾಗುತ್ತದೆ, ಅದಕ್ಕೇ ಈ ಲೆಕ್ಕ. ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು ಎಂಬುದು ನೆನಪಿರಲಿ.

ಹಂತ 1: ಮೀಟರಿಗೆ ಏನು ಕಾಣುತ್ತದೆ ಎಂದು ನೀವೇ ನೋಡಿ

ಈ ಹಂತವನ್ನು ಓದಿ ಮುಂದೆ ಹೋಗಬೇಡಿ, ಮಾಡಿ ನೋಡಿ. ಹತ್ತು ನಿಮಿಷದ ಕೆಲಸ.

ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಒಂದು ಮೇಜಿನ ಮೇಲೆ ಬಿಳಿ ಹಾಳೆ, ಬೂದು ಬಣ್ಣದ ಏನಾದರೊಂದು ವಸ್ತು ಮತ್ತು ಕರಿ ಬಟ್ಟೆಯನ್ನು ಸಾಲಾಗಿ ಇಡಿ. ಮೂರರ ಮೇಲೂ ಒಂದೇ ಬೆಳಕು ಬೀಳಬೇಕು. ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ ಹಾಕಿ. ಅಂದರೆ ಅಪರ್ಚರ್ ನೀವು ಆರಿಸುತ್ತೀರಿ, ಶಟರ್ ಅದು ಆರಿಸುತ್ತದೆ. ಡಯಲ್ ಮೇಲೆ 'ಎ' ಅಥವಾ 'ಎವಿ' ಎಂದಿರುತ್ತದೆ. ಐಎಸ್‌ಒ 400, ಅಪರ್ಚರ್ ಎಫ್/5.6 ಇರಲಿ. ಈಗ ಒಂದೊಂದನ್ನೂ ಚೌಕಟ್ಟು ಪೂರ್ತಿ ತುಂಬುವಂತೆ ಹತ್ತಿರದಿಂದ ತೆಗೆಯಿರಿ. ನಿಮ್ಮ ನೆರಳು ಬೀಳದಿರಲಿ. ಫೋಕಸ್ ಆಗದಿದ್ದರೆ ಮ್ಯಾನುವಲ್ ಫೋಕಸಿಗೆ ಹಾಕಿಕೊಳ್ಳಿ, ಚಿತ್ರ ಮಸುಕಾದರೂ ಚಿಂತೆಯಿಲ್ಲ.

ಪರದೆಯ ಮೇಲೆ ಮೂರನ್ನೂ ಅಕ್ಕಪಕ್ಕ ನೋಡಿ. ಬಿಳಿ ಹಾಳೆ ಬೂದು. ಕರಿ ಬಟ್ಟೆಯೂ ಬೂದು. ಬೂದು ವಸ್ತುವಂತೂ ಬೂದುವೇ. ಯಾವುದು ಯಾವುದೆಂದು ಗುರುತಿಸಲು ನೂಲಿನ ಎಳೆ, ಹಾಳೆಯ ಅಂಚು ಹುಡುಕಬೇಕಾಗುತ್ತದೆ. ಈಗ ಶಟರ್ ಅಂಕಿಗಳನ್ನು ಗಮನಿಸಿ. ಬೂದು ವಸ್ತುವಿಗೆ 1/125 ಬಂದಿದ್ದರೆ ಬಿಳಿ ಹಾಳೆಗೆ ಸುಮಾರು 1/640, ಕರಿ ಬಟ್ಟೆಗೆ ಸುಮಾರು 1/30 ಬಂದಿರುತ್ತದೆ. ನಿಮ್ಮ ಅಂಕಿಗಳು ಬೇರೆ ಇರಬಹುದು, ಅಂತರ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ.

ಕಾರಣ ಇದು. ಕ್ಯಾಮೆರಾದ ಮೀಟರ್ ಅಳೆಯುವುದು ವಸ್ತುವಿನಿಂದ ಪ್ರತಿಫಲಿಸಿ ಬಂದ ಬೆಳಕನ್ನು. ಬೆಳಕು ಹೆಚ್ಚು ಬಂದಿದ್ದು ಹಾಳೆ ಬೆಳ್ಳಗಿರುವುದರಿಂದಲೋ, ಅದರ ಮೇಲೆ ಬಿದ್ದ ಬೆಳಕೇ ಜೋರಾಗಿರುವುದರಿಂದಲೋ ಎಂದು ತಿಳಿಯುವ ದಾರಿ ಅದಕ್ಕಿಲ್ಲ. ಆದ್ದರಿಂದ ಅದು ಒಂದು ಊಹೆ ಇಟ್ಟುಕೊಂಡಿರುತ್ತದೆ: ಎದುರಿಗಿರುವುದೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 18ರಷ್ಟನ್ನು ಹಿಂದಿರುಗಿಸುವ ಬಣ್ಣವನ್ನು ಮಧ್ಯಮ ಬೂದು ಎಂದು ಲೆಕ್ಕ ಹಿಡಿಯುತ್ತಾರೆ. ಅಂಗಡಿಯಲ್ಲಿ ಸಿಗುವ ಗ್ರೇ ಕಾರ್ಡ್ ಇದೇ ಬಣ್ಣದ್ದು. ಒಳ್ಳೆಯ ಬಿಳಿ ಹಾಳೆ ಶೇಕಡ 90ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ, ಅಂದರೆ ಬೂದುವಿನ ಐದು ಪಟ್ಟು. 125ರ ಐದು ಪಟ್ಟು 625. ಮೀಟರ್ 1/640 ಹೇಳಿದ್ದು ಅದಕ್ಕೇ.

ಈಗ ಈ ಪ್ರಯೋಗದ ಉತ್ತರಾರ್ಧ. ಕ್ಯಾಮೆರಾವನ್ನು ಮ್ಯಾನುವಲ್ ಮೋಡಿಗೆ, ಅಂದರೆ 'ಎಂ'ಗೆ ಹಾಕಿ. ಐಎಸ್‌ಒ 400, ಎಫ್/5.6, ಶಟರ್ 1/125, ಅಂದರೆ ಬೂದು ವಸ್ತುವಿಗೆ ಬಂದ ಅಂಕಿ. ಮೀಟರ್ ಏನೇ ತೋರಿಸಲಿ, ಅಂಕಿ ಬದಲಿಸದೆ ಮೂರನ್ನೂ ಮತ್ತೆ ತೆಗೆಯಿರಿ. ಹಾಳೆ ಬೆಳ್ಳಗೆ, ಬಟ್ಟೆ ಕಪ್ಪಗೆ, ಬೂದು ಬೂದಾಗಿ ಬರುತ್ತವೆ. ಬೆಳಕು ಬದಲಾಗಿರಲಿಲ್ಲ, ಆದ್ದರಿಂದ ಎಕ್ಸ್‌ಪೋಶರೂ ಬದಲಾಗಬೇಕಾಗಿರಲಿಲ್ಲ. ಈ ಆರು ಫೋಟೊಗಳನ್ನು ಅಳಿಸಬೇಡಿ. ಮುಂದಿನ ಎಲ್ಲ ಹಂತಗಳೂ ಇವುಗಳ ಮೇಲೆ ನಿಂತಿವೆ.

ಹಂತ 2: ಕ್ಯಾಮೆರಾವನ್ನು ಸಿದ್ಧಮಾಡಿಕೊಳ್ಳಿ

ಆಟೊ ಐಎಸ್‌ಒ ಆಫ್ ಮಾಡಿ. ಅದು ಕೆಟ್ಟದ್ದೆಂದಲ್ಲ, ಆದರೆ ಕಲಿಯುವಾಗ ಮೂರು ಅಂಕಿಗಳಲ್ಲಿ ಎರಡು ತಾವಾಗಿಯೇ ಓಡಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಸೊನ್ನೆಯಲ್ಲಿದೆಯೇ ನೋಡಿ. ಇದು ಪ್ಲಸ್ ಮೈನಸ್ ಗುರುತಿನ ಗುಂಡಿ ಅಥವಾ ಡಯಲ್. ಮೀಟರ್ ಹೇಳಿದ್ದಕ್ಕಿಂತ ಇಷ್ಟು ಹೆಚ್ಚು ಅಥವಾ ಇಷ್ಟು ಕಡಿಮೆ ಬೆಳಕು ಕೊಡು ಎಂದು ಕ್ಯಾಮೆರಾಗೆ ಹೇಳುವ ಸಾಧನ. ಫೈಲ್ ರೂಪ ರಾ ಇರಲಿ, ಅಂದರೆ ಸೆನ್ಸರ್ ದಾಖಲಿಸಿದ್ದನ್ನು ಹೆಚ್ಚುಕಡಿಮೆ ಹಾಗೇ ಉಳಿಸುವ ಫೈಲ್, ಅಥವಾ ರಾ ಮತ್ತು ಕ್ಯಾಮೆರಾ ತಾನೇ ಸಿದ್ಧಪಡಿಸಿ ಕೊಡುವ ಜೆಪೆಗ್ ಎರಡೂ ಇರಲಿ. ಫೋಟೊ ನೋಡುವಾಗ ಹಿಸ್ಟೋಗ್ರಾಮ್ ಮತ್ತು ಹೈಲೈಟ್ ಎಚ್ಚರಿಕೆ ಕಾಣುವಂತೆ ಮೆನುವಿನಲ್ಲಿ ಆನ್ ಮಾಡಿ, ಇವೇನೆಂದು ಹಂತ 7ರಲ್ಲಿ ಬರುತ್ತದೆ.

ಮೀಟರ್ ಪಟ್ಟಿ ಎಲ್ಲಿದೆ ಎಂದೂ ಹುಡುಕಿಕೊಳ್ಳಿ. ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ಕೆಳಗೋ ಪಕ್ಕದಲ್ಲೋ ಸೊನ್ನೆ ನಡುವೆ, ಎರಡು ಕಡೆ ಗೆರೆಗಳಿರುವ ಅಳತೆಪಟ್ಟಿ ಇರುತ್ತದೆ. ಸಾಮಾನ್ಯವಾಗಿ ಒಂದೊಂದು ಸಣ್ಣ ಗೆರೆ ಮೂರನೇ ಒಂದು ಸ್ಟಾಪ್. ಹೆಚ್ಚಿನ ಕ್ಯಾಮೆರಾಗಳಲ್ಲಿ ಪ್ಲಸ್ ಬಲಕ್ಕಿರುತ್ತದೆ, ಹಳೆಯ ನಿಕಾನ್‌ಗಳಲ್ಲಿ ಎಡಕ್ಕಿರುತ್ತದೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡವರು ಇದನ್ನು ನೋಡದೆ ಎಲ್ಲ ಉಲ್ಟಾ ಮಾಡಿಕೊಳ್ಳುತ್ತಾರೆ.

ಹಂತ 3: ಮೀಟರಿಂಗ್ ಮೋಡ್ ಆರಿಸಿ

ಚೌಕಟ್ಟಿನ ಯಾವ ಭಾಗವನ್ನು ಅಳೆಯಬೇಕು ಎಂದು ಹೇಳುವುದು ಮೀಟರಿಂಗ್ ಮೋಡ್. ಮುಖ್ಯವಾಗಿ ಮೂರಿವೆ.

ಮೊದಲನೆಯದು ಇಡೀ ಚೌಕಟ್ಟನ್ನು ಅನೇಕ ತುಂಡುಗಳಾಗಿ ಅಳೆದು ಹೋಲಿಸಿ ತೀರ್ಮಾನಿಸುವಂಥದ್ದು. ನಿಕಾನ್ ಇದನ್ನು ಮ್ಯಾಟ್ರಿಕ್ಸ್ ಎನ್ನುತ್ತದೆ, ಕ್ಯಾನನ್ ಇವ್ಯಾಲ್ಯುಯೇಟಿವ್ ಎನ್ನುತ್ತದೆ, ಸೋನಿ ಮತ್ತು ಫುಜಿಫಿಲ್ಮ್ ಮಲ್ಟಿ ಎನ್ನುತ್ತವೆ. 1983ರಲ್ಲಿ ಬಂದ ನಿಕಾನ್ ಎಫ್‌ಎ ಕ್ಯಾಮೆರಾದಿಂದ ಶುರುವಾದ ಪದ್ಧತಿ ಇದು. ದಿನನಿತ್ಯದ ಬಹುಪಾಲು ಫೋಟೊಗಳನ್ನು ಇದು ಚೆನ್ನಾಗಿಯೇ ನಿಭಾಯಿಸುತ್ತದೆ. ತೊಂದರೆ ಇರುವುದು ಇಲ್ಲಿ: ಎದುರಿಗಿನದು ಹಿಂಬೆಳಕಿನ ದೃಶ್ಯ ಎಂದೋ ಹಿಮ ಎಂದೋ ಊಹಿಸಿ ಅದು ಆಗಲೇ ಒಂದಿಷ್ಟು ತಿದ್ದಿರಬಹುದು, ತಿದ್ದಿಲ್ಲದೆಯೂ ಇರಬಹುದು. ಎಷ್ಟು ತಿದ್ದಿದೆ ಎಂದು ನಿಮಗೆ ಹೇಳುವುದಿಲ್ಲ. ಅದರ ಮೇಲೆ ನೀವು ಎಷ್ಟು ತಿದ್ದಬೇಕು ಎನ್ನುವುದು ಅಂದಾಜೇ ಆಗುತ್ತದೆ.

ಎರಡನೆಯದು ಸೆಂಟರ್ ವೆಯ್ಟೆಡ್. ಚೌಕಟ್ಟಿನ ನಡುಭಾಗಕ್ಕೆ ಹೆಚ್ಚು ತೂಕ, ಅಂಚುಗಳಿಗೆ ಕಡಿಮೆ. ಹಳೆಯ ಪದ್ಧತಿ, ಆದರೆ ಯಾವಾಗಲೂ ಒಂದೇ ರೀತಿ ನಡೆದುಕೊಳ್ಳುತ್ತದೆ.

ಮೂರನೆಯದು ಸ್ಪಾಟ್. ಚೌಕಟ್ಟಿನಲ್ಲಿ ಶೇಕಡ ಒಂದರಿಂದ ಐದರಷ್ಟು ಜಾಗವನ್ನು ಮಾತ್ರ ಅಳೆಯುತ್ತದೆ. ಮುಖದ ಕೆನ್ನೆ, ಒಂದು ಎಲೆ, ಮೋಡದ ಒಂದು ತುಣುಕು, ನಿಮಗೆ ಬೇಕಾದ್ದನ್ನಷ್ಟೇ ಅಳೆಯಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಕಲಿಯುವ ಮೊದಲ ಕೆಲವು ವಾರ ಸ್ಪಾಟ್ ಬಳಸಿ. ಅದು ಕಷ್ಟ ಎನ್ನುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಸುಲಭ ಎನಿಸುತ್ತದೆ, ಏಕೆಂದರೆ ಅದು ಊಹಿಸುವುದಿಲ್ಲ. ತೋರಿಸಿದ ಜಾಗವನ್ನು ಬೂದು ಮಾಡುವ ಅಂಕಿ ಹೇಳಿ ಸುಮ್ಮನಾಗುತ್ತದೆ. ಉಳಿದದ್ದನ್ನು ನೀವು ಯೋಚಿಸಲೇಬೇಕಾಗುತ್ತದೆ.

ಎಚ್ಚರಿಕೆ: ಸ್ಪಾಟ್ ವೃತ್ತ ಎಲ್ಲಿರುತ್ತದೆ ಎಂಬುದು ಕ್ಯಾಮೆರಾದಿಂದ ಕ್ಯಾಮೆರಾಗೆ ಬೇರೆ. ಕೆಲವಲ್ಲಿ ಅದು ನೀವು ಆರಿಸಿದ ಫೋಕಸ್ ಬಿಂದುವಿನ ಜೊತೆ ಚಲಿಸುತ್ತದೆ, ಕೆಲವಲ್ಲಿ ಫೋಕಸ್ ಎಲ್ಲಿದ್ದರೂ ಅಳತೆ ನಟ್ಟನಡುವೆಯೇ ನಡೆಯುತ್ತದೆ. ಇದು ತಿಳಿಯದೆ, ಪಕ್ಕದಲ್ಲಿ ನಿಂತವರ ಕಣ್ಣಿಗೆ ಫೋಕಸ್ ಮಾಡಿ ನಡುವಿನ ಗೋಡೆಯನ್ನು ಅಳೆದು ಬರುವವರಿದ್ದಾರೆ. ಕೈಪಿಡಿಯಲ್ಲಿ ನೋಡಿಕೊಳ್ಳಿ.

ಹಂತ 4: ಅಳೆದ ಜಾಗ ಎಷ್ಟು ಬೆಳ್ಳಗಿರಬೇಕು ಎಂದು ತೀರ್ಮಾನಿಸಿ

ಮೀಟರಿಂಗ್ ಎಂದರೆ ನಿಜವಾಗಿ ಇದೇ. ಅಳೆಯುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನಾನು ತೋರಿಸುತ್ತಿರುವ ಈ ಜಾಗ ಫೋಟೊದಲ್ಲಿ ಬೂದುವಿನಷ್ಟೇ ಇರಬೇಕೋ, ಅದಕ್ಕಿಂತ ಬೆಳಗಿರಬೇಕೋ, ಕಪ್ಪಿರಬೇಕೋ? ಎಷ್ಟು?

ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಎಂಬ ಅಮೆರಿಕದ ಛಾಯಾಗ್ರಾಹಕರು 1940ರ ಸುಮಾರಿಗೆ ರೂಪಿಸಿದ ಜೋನ್ ಸಿಸ್ಟಮ್ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ. ಅಚ್ಚ ಕಪ್ಪಿನಿಂದ ಅಚ್ಚ ಬಿಳುಪಿನವರೆಗೆ ಅವರು ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ಮೆಟ್ಟಿಲು ಮಾಡಿಕೊಂಡರು. ಒಂದೊಂದು ಮೆಟ್ಟಿಲಿನ ಅಂತರ ಒಂದು ಸ್ಟಾಪ್, ನಡುವಿನ ಐದನೆಯದು ಮೀಟರ್ ಹೇಳುವ ಬೂದು. ಪೂರ್ತಿ ಪದ್ಧತಿ ನಮಗೆ ಈಗ ಬೇಡ. ಈ ಕೆಲವು ಅಂದಾಜುಗಳು ಸಾಕು, ಇವು ಸ್ಪಾಟ್ ಮೀಟರಿಗೆ ಹೊಂದುತ್ತವೆ:

- ಬೆಳಕು ಬಿದ್ದ ಹಿಮ, ಬಿಳಿ ಬಟ್ಟೆ, ಬಿಳಿ ಗರಿ: +1.5ರಿಂದ +2
- ತೆಳು ಬಣ್ಣದ ಚರ್ಮ, ನಿಮ್ಮ ಅಂಗೈ: +1
- ಕಂದು ಚರ್ಮ, ಬಿಸಿಲಿನಲ್ಲಿರುವ ಹಸಿರು ಹುಲ್ಲು, ಸೂರ್ಯನಿಂದ ದೂರದ ನೀಲಿ ಆಕಾಶ: 0ರ ಆಸುಪಾಸು
- ದಟ್ಟ ಹಸಿರು ಎಲೆ, ಗಾಢ ಬಣ್ಣದ ಚರ್ಮ: ಸುಮಾರು -1
- ಕರಿ ಬಟ್ಟೆ, ಕಪ್ಪು ತುಪ್ಪಳ, ಕಾಗೆಯ ರೆಕ್ಕೆ: -1.5ರಿಂದ -2

ಇವು ಹೊರಡುವ ಜಾಗವಷ್ಟೆ. ನಿಮ್ಮ ಕ್ಯಾಮೆರಾದಲ್ಲಿ, ನಿಮ್ಮ ರುಚಿಗೆ ತಕ್ಕಂತೆ ಅರ್ಧ ಸ್ಟಾಪ್ ಆಚೀಚೆ ಆಗುತ್ತದೆ.

ಎಲ್ಲರೂ ಎಡವುವ ಜಾಗ ಇದು. ಬೆಳ್ಳಗಿರುವುದಕ್ಕೆ ಬೆಳಕು ಕಡಿಮೆ ಕೊಡಬೇಕು ಎಂದು ಮನಸ್ಸು ಹೇಳುತ್ತದೆ. ಹಿಮದ ಮುಂದೆ ನಿಂತು ಮೈನಸ್‌ಗೆ ತಿರುಗಿಸುತ್ತಾರೆ, ಹಿಮ ಇನ್ನಷ್ಟು ಕೊಳಕಾಗುತ್ತದೆ. ಮೊದಲ ಹಂತದ ಪ್ರಯೋಗ ನೆನಪಿಸಿಕೊಳ್ಳಿ. ಬಿಳಿ ಹಾಳೆಗೆ ಮೀಟರ್ ಆಗಲೇ ಬೆಳಕು ಕಡಿತ ಮಾಡಿ 1/640 ಹೇಳಿತ್ತು. ಕಡಿತ ಮಾಡಿದ್ದನ್ನು ನಾವು ಹಿಂದಿರುಗಿಸಬೇಕು. ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್.

ಗ್ರೇ ಕಾರ್ಡ್ ಇಲ್ಲದಿದ್ದಾಗ ಅಂಗೈ ಬಹಳ ಉಪಯೋಗಕ್ಕೆ ಬರುತ್ತದೆ. ಮೈಬಣ್ಣ ಏನೇ ಇದ್ದರೂ ಅಂಗೈಗಳ ಬಣ್ಣದಲ್ಲಿ ವ್ಯತ್ಯಾಸ ಕಡಿಮೆ. ಫೋಟೊ ತೆಗೆಯುವ ವಸ್ತುವಿನ ಮೇಲೆ ಬೀಳುತ್ತಿರುವ ಬೆಳಕೇ ಅಂಗೈ ಮೇಲೂ ಬೀಳುವಂತೆ ಚಾಚಿ, ಅದನ್ನು ಅಳೆದು, ಒಂದು ಸ್ಟಾಪ್ ಹೆಚ್ಚಿಸಿ. ನಿಮ್ಮ ಅಂಗೈಗೆ ಸರಿಯಾಗಿ ಎಷ್ಟು ಎಂದು ಒಮ್ಮೆ ಗ್ರೇ ಕಾರ್ಡ್ ಜೊತೆ ಹೋಲಿಸಿಟ್ಟುಕೊಂಡರೆ ಇನ್ನೂ ಒಳ್ಳೆಯದು. ನೀವು ನೆರಳಿನಲ್ಲಿ ನಿಂತು, ಬಿಸಿಲಿನಲ್ಲಿರುವುದಕ್ಕಾಗಿ ಅಂಗೈ ಅಳೆದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಹಂತ 5: ಅಂಕಿಗಳನ್ನು ಹೊಂದಿಸಿ

ಕಿಟಕಿಯ ಮುಂದೆ ಕೂತವರ ಫೋಟೊವನ್ನೇ ತೆಗೆದುಕೊಳ್ಳೋಣ. ಕಂದು ಮೈಬಣ್ಣದ ಒಬ್ಬರು ಕಿಟಕಿಗೆ ಬೆನ್ನು ಹಾಕಿ ಕೂತಿದ್ದಾರೆ. ಹೊರಗೆ ಮೋಡ ಕವಿದ ಆಕಾಶ. ಐಎಸ್‌ಒ 400, ಎಫ್/4. ಮ್ಯಾಟ್ರಿಕ್ಸ್ ಮೀಟರ್ 1/250 ಹೇಳುತ್ತದೆ. ತೆಗೆದರೆ ಮುಖ ಕಪ್ಪು, ಕಿಟಕಿಯೂ ಪೂರ್ತಿ ಚೆನ್ನಾಗಿಲ್ಲ.

ಸ್ಪಾಟ್‌ಗೆ ಬದಲಿಸಿ ಕೆನ್ನೆಯನ್ನು ಅಳೆಯಿರಿ. 1/60 ಬಂತು ಎನ್ನಿ. ಹೊರಗಿನ ಆಕಾಶ ಅಳೆಯಿರಿ, 1/1000 ಬಂತು. ನಡುವೆ ನಾಲ್ಕು ಸ್ಟಾಪ್ ಅಂತರ. ಮ್ಯಾಟ್ರಿಕ್ಸ್ ಹೇಳಿದ 1/250 ಎರಡರ ನಡುವೆ ಬಿದ್ದದ್ದು, ಯಾರಿಗೂ ನ್ಯಾಯ ಮಾಡದ ರಾಜಿ. ಕೆನ್ನೆ ಬೂದುವಿನಷ್ಟೇ ಬೆಳಗಿದ್ದರೆ ಸಾಕು, ಆದ್ದರಿಂದ 1/60ರಲ್ಲೇ ಇಡಬಹುದು. ಆಗ ಆಕಾಶ ಬೂದುವಿಗಿಂತ ನಾಲ್ಕು ಸ್ಟಾಪ್ ಮೇಲಕ್ಕೆ ಹೋಗಿ ಅಚ್ಚ ಬಿಳಿಯಾಗುತ್ತದೆ, ಅಲ್ಲಿ ಮೋಡದ ವಿವರ ಉಳಿಯುವುದಿಲ್ಲ.

ಇದು ಒಪ್ಪಿಗೆಯೇ? ಮುಖವೇ ಫೋಟೊದ ಜೀವ ಎಂದಾದರೆ ನಾನು ಒಪ್ಪುತ್ತೇನೆ, ಕಿಟಕಿ ಬೆಳ್ಳಗಾಗಲಿ. ಹೊರಗಿನ ನೋಟವೂ ಬೇಕು ಎಂದಾದರೆ ಮೀಟರಿನಿಂದ ಪರಿಹಾರ ಸಿಗದು, ಬೆಳಕನ್ನೇ ಬದಲಿಸಬೇಕು. ಅವರನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಿದರೆ ಕಿಟಕಿಯ ಬೆಳಕು ಕೆನ್ನೆಗೆ ಬೀಳುತ್ತದೆ. ಅಥವಾ ದೊಡ್ಡ ಬಿಳಿ ರಟ್ಟೊಂದನ್ನು ಮುಖದ ಎದುರು ಹಿಡಿಯಿರಿ. ಮತ್ತೆ ಕೆನ್ನೆ ಅಳೆಯಿರಿ. ಅಂತರ ಎರಡೂವರೆ ಸ್ಟಾಪಿಗೆ ಇಳಿದರೆ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು.

ಮ್ಯಾನುವಲ್ ಮೋಡಿನಲ್ಲಿ ಕೆಲಸದ ಕ್ರಮ ಹೀಗೆ: ಅಪರ್ಚರನ್ನು ಮೊದಲು ನಿರ್ಧರಿಸಿ, ಹಿನ್ನೆಲೆ ಎಷ್ಟು ಮಸುಕಾಗಿರಬೇಕು ಎಂಬುದರ ಮೇಲೆ. ವೃತ್ತವನ್ನು ಮುಖ್ಯ ಜಾಗದ ಮೇಲಿಡಿ. ಅಳತೆಪಟ್ಟಿಯ ಸೂಚಿ ನಿಮಗೆ ಬೇಕಾದ ಅಂಕಿಗೆ, ಕೆನ್ನೆಗಾದರೆ ಸೊನ್ನೆಗೆ, ಬಿಳಿ ಬಟ್ಟೆಗಾದರೆ +1.5ಕ್ಕೆ ಬರುವವರೆಗೆ ಶಟರ್ ತಿರುಗಿಸಿ. ಶಟರ್ ತೀರಾ ನಿಧಾನವಾಗಿ ಕೈ ಅಲುಗುವ ಹಾಗಾದರೆ ಐಎಸ್‌ಒ ಏರಿಸಿ. ಆಮೇಲೆ ಚೌಕಟ್ಟು ಹೇಗೆ ಬೇಕೋ ಹಾಗೆ ಹಾಕಿ ತೆಗೆಯಿರಿ. ಚೌಕಟ್ಟು ಬದಲಿಸಿದಾಗ ಸೂಚಿ ಎಲ್ಲೆಲ್ಲೋ ಓಡುತ್ತದೆ, ಅದನ್ನು ಬೆನ್ನಟ್ಟಬೇಡಿ. ಬೆಳಕು ಬದಲಾಗುವವರೆಗೆ ಅಂಕಿ ಬದಲಿಸುವ ಅಗತ್ಯವಿಲ್ಲ.

ಎಲ್ಲ ಮ್ಯಾನುವಲ್ ಮೋಡಿನಲ್ಲೇ ತೆಗೆಯಬೇಕೆಂದು ಹಟವೇನೂ ಬೇಡ. ಅಪರ್ಚರ್ ಪ್ರಯಾರಿಟಿಯಲ್ಲಿದ್ದು ಕಾಂಪೆನ್ಸೇಶನ್ ಬಳಸಿದರೂ ಫಲ ಒಂದೇ. ಮ್ಯಾನುವಲ್‌ನಲ್ಲಿ ಐಎಸ್‌ಒ ಸ್ಥಿರವಾಗಿದ್ದರೆ ಕಾಂಪೆನ್ಸೇಶನ್ ತಿರುಗಿಸಿ ಫೋಟೊ ಬೆಳಗಿಸಲು ಆಗುವುದಿಲ್ಲ, ಬದಲಿಸಲು ಕ್ಯಾಮೆರಾಗೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಹಂತ 6: ಎಕ್ಸ್‌ಪೋಶರ್ ಲಾಕ್ ಬಳಸಿ

ಅಪರ್ಚರ್ ಪ್ರಯಾರಿಟಿಯಲ್ಲಿ ಅಳೆದ ಮೇಲೆ ಚೌಕಟ್ಟು ಬದಲಿಸಿದರೆ ಅಂಕಿಯೂ ಬದಲಾಗುತ್ತದೆ. ಅದನ್ನು ತಡೆಯಲು ಹಿಂಬದಿಯಲ್ಲಿ ಒಂದು ಗುಂಡಿ ಇರುತ್ತದೆ, ಹಲವು ಕ್ಯಾಮೆರಾಗಳಲ್ಲಿ 'ಎಇಎಲ್', ಕ್ಯಾನನ್‌ನಲ್ಲಿ ನಕ್ಷತ್ರದ ಗುರುತು. ಅಳೆಯಿರಿ, ಗುಂಡಿ ಒತ್ತಿ, ಚೌಕಟ್ಟು ಸರಿಮಾಡಿ, ತೆಗೆಯಿರಿ. ಒತ್ತಿಯೇ ಹಿಡಿದಿರಬೇಕೇ, ಒಮ್ಮೆ ಒತ್ತಿ ಬಿಟ್ಟರೆ ಸಾಕೇ ಎಂಬುದು ಸೆಟ್ಟಿಂಗ್ ಮೇಲೆ ಹೋಗುತ್ತದೆ. ಶಟರ್ ಗುಂಡಿಯನ್ನು ಅರ್ಧ ಒತ್ತಿದರೆ ಫೋಕಸ್ ನಿಲ್ಲುತ್ತದೆ, ಜೊತೆಗೆ ಎಕ್ಸ್‌ಪೋಶರೂ ನಿಲ್ಲುತ್ತದೆಂದು ನಂಬಿಕೊಳ್ಳಬೇಡಿ. ಕೆಲವು ಕ್ಯಾಮೆರಾಗಳಲ್ಲಿ ನಿಲ್ಲುತ್ತದೆ, ಕೆಲವಲ್ಲಿ ಇಲ್ಲ, ಕೆಲವಲ್ಲಿ ಮೀಟರಿಂಗ್ ಮೋಡ್ ನೋಡಿಕೊಂಡು ಬದಲಾಗುತ್ತದೆ.

ಹಂತ 7: ಹಿಸ್ಟೋಗ್ರಾಮ್ ನೋಡಿ ಪರೀಕ್ಷಿಸಿ

ತೆಗೆದ ಫೋಟೊ ಸರಿಯಿದೆಯೇ ಎಂದು ಪರದೆಯ ಹೊಳಪಿನಿಂದ ತೀರ್ಮಾನಿಸಬೇಡಿ. ಕತ್ತಲಲ್ಲಿ ನೋಡಿದರೆ ಬೆಳಕು ಸಾಲದೆ ಅಂಡರ್ ಆದ ಫೋಟೊವೂ ಝಗ್ಗೆಂದು ಹೊಳೆಯುತ್ತದೆ, ಬಿಸಿಲಲ್ಲಿ ಎಲ್ಲವೂ ಮಂಕು. ಹಿಸ್ಟೋಗ್ರಾಮ್ ಎಂದರೆ ಯಾವ ಹೊಳಪಿನ ಚುಕ್ಕೆಗಳು ಎಷ್ಟಿವೆ ಎಂದು ತೋರಿಸುವ ನಕ್ಷೆ. ಎಡ ತುದಿ ಕಪ್ಪು, ಬಲ ತುದಿ ಬಿಳಿ. ದಿಬ್ಬ ಬಲ ಗೋಡೆಗೆ ಒತ್ತಿ ನಿಂತು ಅಲ್ಲೇ ಕತ್ತರಿಸಿದಂತಿದ್ದರೆ ಬಿಳಿ ಭಾಗದ ವಿವರ ಹೋಗಿದೆ. ಹೈಲೈಟ್ ಎಚ್ಚರಿಕೆ ಆನ್ ಇದ್ದರೆ ಆ ಜಾಗ ಮಿಣುಕುತ್ತದೆ.

ದಿಬ್ಬ ನಡುವೆಯೇ ಇರಬೇಕೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಹಿಮದ ಬಯಲಿನ ದಿಬ್ಬ ಬಲಕ್ಕೇ ಇರಬೇಕು, ಕರಿ ಬೆಕ್ಕಿನದು ಎಡಕ್ಕೇ ಇರಬೇಕು. ಬೆಕ್ಕಿನ ದಿಬ್ಬ ನಡುವಿಗೆ ಬಂತೆಂದರೆ ಬೆಕ್ಕು ಬೂದಾಯಿತೆಂದೇ ಅರ್ಥ.

ಡಿಜಿಟಲ್ ಸೆನ್ಸರಿನಲ್ಲಿ ಸುಟ್ಟುಹೋದ ಬಿಳಿ ಮರಳಿ ಬರುವುದಿಲ್ಲ. ರಾ ಫೈಲಿನಲ್ಲಿ ಸ್ವಲ್ಪ ವಿವರ ಉಳಿದಿರುತ್ತದೆ, ಅಷ್ಟೇ. ನೆರಳನ್ನಾದರೆ ಆಮೇಲೆ ಕಂಪ್ಯೂಟರಿನಲ್ಲಿ ಎತ್ತಬಹುದು, ಕಾಳುಕಾಳಾದ ನಾಯ್ಸ್ ಬರುತ್ತದೆ. ಆದ್ದರಿಂದ ಅನುಮಾನವಿದ್ದಾಗ ಬಿಳಿಯನ್ನು ಕಾಪಾಡಿ. ನೆಗೆಟಿವ್ ಫಿಲ್ಮ್ ಬಳಸುವವರಿಗೆ ಇದು ತಿರುವುಮುರುವು: ಅಲ್ಲಿ ಅಳೆಯಬೇಕಾದ್ದು ನೆರಳನ್ನು, ಏಕೆಂದರೆ ಫಿಲ್ಮಿಗೆ ಬೀಳದ ಬೆಳಕನ್ನು ಆಮೇಲೆ ಹುಟ್ಟಿಸಲಾಗದು.

ಇನ್ನೆರಡು ವಿಷಯ. ರಾ ತೆಗೆದರೂ ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ ಸಾಮಾನ್ಯವಾಗಿ ಜೆಪೆಗ್ ಚಿತ್ರದ್ದು, ಹಾಗಾಗಿ ಎಚ್ಚರಿಕೆ ತುಸು ಬೇಗ ಬರುತ್ತದೆ. ಮತ್ತು ಕಡುಗೆಂಪು ಹೂ ತೆಗೆಯುವಾಗ ಒಟ್ಟು ಹಿಸ್ಟೋಗ್ರಾಮ್ ಸರಿಯಿದ್ದೂ ಕೆಂಪು ಬಣ್ಣವೊಂದೇ ಬಲ ಗೋಡೆ ಮುಟ್ಟಿರಬಹುದು. ದಳದ ಮೇಲಿನ ನರಗಳೆಲ್ಲ ಅಳಿಸಿ ಹೂ ಕೆಂಪು ಕಾಗದದ ತುಂಡಿನಂತೆ ಕಾಣುವುದು ಇದರಿಂದಲೇ. ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ಬೇರೆ ಬೇರೆಯಾಗಿ ನೋಡಿ.

ಹಂತ 8: ಕಷ್ಟದ ಸಂದರ್ಭಗಳು

*ಹಾರುವ ಬಿಳಿ ಹಕ್ಕಿ.* ಬೆಳ್ಳಕ್ಕಿಯೊಂದು ಬಿಸಿಲಿನಲ್ಲಿ ಕಪ್ಪು ಮರಗಳ ಮುಂದಿನಿಂದ ಹಾರಿ ಬಿಳಿ ಆಕಾಶದತ್ತ ಸಾಗುತ್ತದೆ. ಆಟೊದಲ್ಲಿದ್ದರೆ ಮರಗಳ ಮುಂದೆ ಮೀಟರ್ 1/400 ಹೇಳಿ ಹಕ್ಕಿಯ ಗರಿ ಸುಡುತ್ತದೆ, ಆಕಾಶದ ಮುಂದೆ 1/3200 ಹೇಳಿ ಹಕ್ಕಿಯನ್ನು ಬೂದು ಮಾಡುತ್ತದೆ. ಆದರೆ ಹಕ್ಕಿಯ ಮೇಲೆ ಬಿದ್ದ ಬಿಸಿಲು ಉದ್ದಕ್ಕೂ ಒಂದೇ. ಇಲ್ಲಿ ಮ್ಯಾನುವಲ್ ಬಿಟ್ಟು ಬೇರೆ ದಾರಿ ನನಗೆ ಇಷ್ಟವಿಲ್ಲ. ಸನ್ನಿ 16 ಎಂಬ ಹಳೆಯ ಲೆಕ್ಕ ನೆನಪಿಡಿ: ನಿಚ್ಚಳ ಬಿಸಿಲಿನಲ್ಲಿ ಎಫ್/16ಕ್ಕೆ ಶಟರ್ ಐಎಸ್‌ಒದ ವಿಲೋಮ. ಐಎಸ್‌ಒ 400 ಆದರೆ 1/400. ಎಫ್/8ಕ್ಕೆ ತೆರೆದರೆ ಎರಡು ಸ್ಟಾಪ್ ಹೆಚ್ಚು, ಆದ್ದರಿಂದ 1/1600. ಬಿಳಿ ಗರಿಯ ಎಳೆಗಳು ಉಳಿಯಲು ಇನ್ನೂ ಮೂರನೇ ಒಂದು ಅಥವಾ ಎರಡು ಭಾಗ ಸ್ಟಾಪ್ ಇಳಿಸಿ, 1/2000 ಅಥವಾ 1/2500. ಹಕ್ಕಿ ಬರುವ ಮೊದಲೇ ಅಂಕಿ ಹಾಕಿಟ್ಟು, ಒಂದು ಫೋಟೊ ತೆಗೆದು, ಮಿಣುಕುತ್ತಿದೆಯೇ ನೋಡಿ. ನಾನು ಸನ್ನಿ 16 ಕಲಿಯುವ ಮೊದಲು ತೆಗೆದ ಬೆಳ್ಳಕ್ಕಿಗಳಲ್ಲಿ ಕೊಕ್ಕು ಮತ್ತು ಕಾಲು ಮಾತ್ರ ಫೋಟೊದಲ್ಲಿ ಉಳಿದಿವೆ.

*ಸೂರ್ಯಾಸ್ತ.* ಸೂರ್ಯ ಚೌಕಟ್ಟಿನಲ್ಲಿದ್ದರೆ ಮೀಟರ್ ಹೆದರಿ ಉಳಿದದ್ದನ್ನೆಲ್ಲ ಕಪ್ಪು ಮಾಡುತ್ತದೆ. ಸೂರ್ಯನನ್ನು ಹೊರಗಿಟ್ಟು ಪಕ್ಕದ ಬಣ್ಣದ ಆಕಾಶವನ್ನು ಅಳೆಯಿರಿ, ಲಾಕ್ ಮಾಡಿ, ಆಮೇಲೆ ಸೂರ್ಯನನ್ನು ಸೇರಿಸಿ. ಮುಂದೆ ನಿಂತವರು ತಾನಾಗಿಯೇ ಛಾಯಾಕೃತಿಗಳಾಗುತ್ತಾರೆ. ಡಿಎಸ್ಎಲ್ಆರ್‌ನ, ಅಂದರೆ ಒಳಗಿನ ಕನ್ನಡಿಯ ಮೂಲಕ ಲೆನ್ಸಿನ ನೋಟ ತೋರಿಸುವ ಕ್ಯಾಮೆರಾದ, ಗಾಜಿನ ವ್ಯೂಫೈಂಡರಿನಲ್ಲಿ ಸೂರ್ಯನನ್ನು ನೇರ ನೋಡಬೇಡಿ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇದ್ದರಂತೂ ಎಂದಿಗೂ ಬೇಡ, ಕಣ್ಣು ಹೋಗುತ್ತದೆ.

*ಚಂದ್ರ.* ಕಪ್ಪು ಆಕಾಶದ ನಡುವೆ ಸಣ್ಣ ಚಂದ್ರ, ಮೀಟರ್ ಆಕಾಶವನ್ನು ಬೂದು ಮಾಡಲು ಹೋಗಿ ಚಂದ್ರನನ್ನು ಬಿಳಿ ಬಿಲ್ಲೆ ಮಾಡುತ್ತದೆ. ಚಂದ್ರ ಎಂದರೆ ಬಿಸಿಲು ಬಿದ್ದ ಕಲ್ಲು ಎಂದುಕೊಳ್ಳಿ. ನೆತ್ತಿಯ ಕಡೆಗಿರುವ ಹುಣ್ಣಿಮೆ ಚಂದ್ರನಿಗೆ ಎಫ್/11, ಶಟರ್ ಐಎಸ್‌ಒದ ವಿಲೋಮ. ಐಎಸ್‌ಒ 200 ಆದರೆ 1/200. 1941ರಲ್ಲಿ ಆನ್ಸೆಲ್ ಆಡಮ್ಸ್ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಊರಿನ ಮೇಲೆ ಚಂದ್ರ ಏರಿದ್ದನ್ನು ಕಂಡಾಗ ಬೆಳಕು ಜಾರುತ್ತಿತ್ತು, ಅವರ ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಅವರಿಗೆ ಗೊತ್ತಿತ್ತು, ಅದರಿಂದಲೇ ಎಕ್ಸ್‌ಪೋಶರ್ ಲೆಕ್ಕ ಹಾಕಿದರು. ಅವರ ಅತ್ಯಂತ ಹೆಸರಾದ ಫೋಟೊಗಳಲ್ಲಿ ಒಂದು ಹಾಗೆ ಬಂತು.

*ವೇದಿಕೆ.* ಕತ್ತಲ ಹಿನ್ನೆಲೆಯಲ್ಲಿ ಒಬ್ಬರ ಮೇಲೆ ಮಾತ್ರ ದೀಪ. ಮುಖಕ್ಕೆ ಸ್ಪಾಟ್, ಮ್ಯಾನುವಲ್. ದೀಪ ಬದಲಾದಾಗ ಮತ್ತೆ ಅಳೆಯಿರಿ.

ಕೊನೆಗೆ, ಪದೇ ಪದೇ ಆಗುವ ತಪ್ಪುಗಳು

ನಿನ್ನೆ +2ಕ್ಕೆ ತಿರುಗಿಸಿದ ಕಾಂಪೆನ್ಸೇಶನ್ ಇವತ್ತೂ ಹಾಗೇ ಇರುತ್ತದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಆಫ್ ಮಾಡಿದರೂ ಅದು ಸೊನ್ನೆಗೆ ಬರುವುದಿಲ್ಲ. ಸ್ಪಾಟ್ ಮೋಡೂ ಅಷ್ಟೇ. ಕ್ಯಾಮೆರಾ ಚೀಲಕ್ಕೆ ಹಾಕುವ ಮುನ್ನ ಎರಡನ್ನೂ ಮೊದಲಿನಂತೆ ಮಾಡಿಡಿ.

ಡಿಎಸ್ಎಲ್ಆರ್ ಅನ್ನು ಟ್ರೈಪಾಡ್ ಮೇಲಿಟ್ಟು ವ್ಯೂಫೈಂಡರಿಗೆ ಕಣ್ಣು ಇಡದೆ ತೆಗೆದರೆ ಹಿಂದಿನಿಂದ ನುಗ್ಗಿದ ಬೆಳಕು ಮೀಟರನ್ನು ದಾರಿ ತಪ್ಪಿಸಿ ಫೋಟೊ ಕಪ್ಪಾಗಿಸುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಕುತ್ತಿಗೆಗೆ ಹಾಕುವ ಪಟ್ಟಿಯ ಜೊತೆ ಬರುವ ಸಣ್ಣ ರಬ್ಬರ್ ಮುಚ್ಚಳ ಅದಕ್ಕಾಗಿಯೇ ಇರುವುದು. ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಈ ತೊಂದರೆಯಿಲ್ಲ, ಅವು ಅಳೆಯುವುದು ಸೆನ್ಸರಿನಿಂದಲೇ. ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ತೀರಾ ಗಾಢವಾಗಿದ್ದಾಗ ಫಿಲ್ಟರ್ ಇಲ್ಲದೆ ಅಳೆದು, ಅದರ ಮೇಲೆ ಬರೆದಷ್ಟು ಸ್ಟಾಪ್ ಸೇರಿಸಿಕೊಳ್ಳುವುದು ನಂಬಿಕಸ್ತ ದಾರಿ. ಫ್ಲಾಶ್ ಬೆಳಕಿನ ಅಳತೆ ಬೇರೆಯೇ ನಡೆಯುತ್ತದೆ, ಅದಕ್ಕೆ ಬೇರೆ ಕಾಂಪೆನ್ಸೇಶನ್ ಗುಂಡಿ ಇದೆ.

ಕೈಯಲ್ಲಿ ಹಿಡಿಯುವ ಪ್ರತ್ಯೇಕ ಲೈಟ್ ಮೀಟರ್ ಕೊಳ್ಳಬೇಕೇ ಎಂದೂ ಕೇಳುತ್ತೀರಿ. ಬಿಳಿ ಗುಮ್ಮಟವಿರುವ ಆ ಮೀಟರನ್ನು ವಸ್ತುವಿನ ಹತ್ತಿರ ಹಿಡಿದು ಕ್ಯಾಮೆರಾ ಕಡೆ ತಿರುಗಿಸಿದರೆ ಅದು ವಸ್ತುವಿನ ಮೇಲೆ ಬೀಳುವ ಬೆಳಕನ್ನೇ ಅಳೆಯುತ್ತದೆ. ಅಂಗಿ ಬಿಳಿಯೋ ಕಪ್ಪೋ ಎಂಬ ಗೋಜೇ ಇಲ್ಲ. ಸ್ಟುಡಿಯೊ ಫ್ಲಾಶ್ ಬಳಸುವವರಿಗೆ, ಮೀಟರಿಲ್ಲದ ಹಳೆಯ ಫಿಲ್ಮ್ ಕ್ಯಾಮೆರಾ ಇರುವವರಿಗೆ ಅದು ಬೇಕು. ಉಳಿದವರಿಗೆ ಗ್ರೇ ಕಾರ್ಡ್ ಸಾಕು.

ಮೊಬೈಲಿನಲ್ಲೂ ಇದೇ ಲೆಕ್ಕ ನಡೆಯುತ್ತದೆ. ಪರದೆಯಲ್ಲಿ ಮುಖದ ಮೇಲೆ ಮುಟ್ಟಿದರೆ ಅಲ್ಲಿ ಅಳೆಯುತ್ತದೆ, ಹೆಚ್ಚಿನ ಫೋನುಗಳಲ್ಲಿ ಒತ್ತಿ ಹಿಡಿದರೆ ಲಾಕ್ ಆಗುತ್ತದೆ. ಪಕ್ಕದಲ್ಲಿ ಮೂಡುವ ಸೂರ್ಯನ ಚಿಹ್ನೆಯನ್ನು ಮೇಲೆ ಎಳೆದರೆ ಪ್ಲಸ್, ಕೆಳಗೆ ಎಳೆದರೆ ಮೈನಸ್. ಲಾಕ್ ಬಿಡಿಸಲು ಪರದೆಯ ಬೇರೆ ಕಡೆ ಒಮ್ಮೆ ಮುಟ್ಟಿ.